ಫ್ಲೈವೀಲಿನ ಮೇಲಿನ ಗೀಟು

ಶೆಡ್ಡು,
ಗುರುವಾರ, ಹದಿನಾರನೇ ತಾರೀಕು

ಪ್ರೀತಿಯ ಅಣ್ಣಾ,

ಈಗ ಸಂಜೆ ಐದೂ ಮುಕ್ಕಾಲು. ಬೆಳಿಗ್ಗೆ ಲೇತ್ ಅಂಗಡಿಯ ಮಾಮ ಇಂಜಿನ್ನಿನ ಹೆಡ್ಡನ್ನು ಮಟ್ಟ ಮಾಡಿ ತಂದುಕೊಟ್ಟರು. ಮಧ್ಯಾಹ್ನದವರೆಗೆ ನಾಲ್ಕೂ ಇಂಜೆಕ್ಟರ್ ತೊಳೆದು ಒತ್ತಡ ನೋಡಿದೆ. ಊಟವಾದ ಮೇಲೆ ಒಂದು ಅಳತೆ ತೆಗೆಯಲು ಹೋಗಿ ಇನ್ನೇನನ್ನೋ ಕಂಡೆ. ಅದಾದ ಮೇಲೆ ಎರಡು ಗಂಟೆ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದೆ. ದಿನ ಅಷ್ಟೇ. ಸೀಮೆಎಣ್ಣೆಯಲ್ಲೂ ಸೋಪಿನಲ್ಲೂ ಕೈ ತೊಳೆದು ಬರೆಯಲು ಕೂತಿದ್ದೇನೆ. ಉಗುರಿನ ಸಂದಿಯ ಕಪ್ಪು ಹೋಗಿಲ್ಲ. ಕಾಗದದ ಅಂಚಿಗೆ ಬೆರಳಿನ ಗುರುತು ಬಿದ್ದರೆ ಅತ್ತಿಗೆ ಬೇಸರ ಮಾಡಿಕೊಳ್ಳಬಾರದು.

ನಿನ್ನ ಮೊಣಕಾಲು ಹೇಗಿದೆ? ಮಗಳ ಮನೆಯಲ್ಲಿ ಮೂರು ಮಹಡಿ ಹತ್ತಬೇಕು ಎಂದು ಅತ್ತಿಗೆ ಹೇಳುತ್ತಿದ್ದರು. ಕೈಹಿಡಿ ಹಿಡಿದುಕೊಂಡೇ ಹತ್ತು, ಯಾರೋ ನೋಡುತ್ತಾರೆ ಎಂದು ಬಿಗುಮಾನ ಮಾಡಬೇಡ. ಅತ್ತಿಗೆಗೆ ತಲೆಸುತ್ತು ಕಡಿಮೆಯಾಯಿತೇ? ಮೊಮ್ಮಗಳಿಗೆ ಮುಂದಿನ ಹಲ್ಲು ಬಂದವೇ? ಹೋದ ಸಲ ಅವಳು ಫೋನಿನಲ್ಲಿ ನನ್ನ ಹತ್ತಿರ ಸುಮಾರು ಹೊತ್ತು ಮಾತಾಡಿದಳು. ಹಲ್ಲಿಲ್ಲದ ಬಾಯಲ್ಲಿ ಹೇಳಿದ್ದರಲ್ಲಿ ಅರ್ಧ ಗಾಳಿಗೆ ಹೋಯಿತು. ಆದರೂ ಒಂದು ಮಾತು ಅರ್ಥವಾಯಿತು. ತಾತ ಕಥೆ ಹೇಳುವುದನ್ನು ನಿಲ್ಲಿಸಿದ್ದಾರೆ, ಕೇಳಿದರೆ ಕಿವಿ ಮುಟ್ಟಿ ತೋರಿಸುತ್ತಾರೆ ಎಂದಳು. ಕಥೆ ಹೇಳುವುದಕ್ಕೆ ಬಾಯಿ ಸಾಕಲ್ಲ ಅಣ್ಣಾ, ಕಿವಿ ಯಾಕೆ ಬೇಕು ಎಂದು ಆಗಲೇ ನಿನ್ನನ್ನು ಕೇಳಬೇಕೆನಿಸಿತ್ತು. ಕೇಳಲಿಲ್ಲ.

ಫೋನ್ ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ನಾನು ಮಾಡಿದಾಗಲೆಲ್ಲ ನೀನು "ನನಗೆ ಕೇಳಿಸಲ್ಲ ಕಣೇ, ನಿಮ್ಮತ್ತಿಗೆ ಹತ್ರ ಹೇಳು" ಎಂದು ಕೊಟ್ಟುಬಿಡುತ್ತೀಯ. ಈಗ ಹೇಳಬೇಕಾದದ್ದು ಅತ್ತಿಗೆಯ ಬಾಯಿಂದ ನಿನಗೆ ತಲುಪುವಂಥದ್ದಲ್ಲ. ನಿನ್ನ ಕಿವಿಯ ವಿಷಯ ಅದು. ಎಂಟು ತಿಂಗಳ ಹಿಂದೆ ನಾನು ಮಾಡಿದ ಒಂದು ಕೆಲಸದ ವಿಷಯವೂ ಹೌದು. ಮಧ್ಯಾಹ್ನದಿಂದ ಇಲ್ಲಿಯವರೆಗೆ ಎರಡು ಸಲ ಬರೆದು ಹರಿದಿದ್ದೇನೆ. ಮೊದಲಿನಿಂದ ಕೊನೆಯವರೆಗೆ ನಡೆದದ್ದನ್ನು ನಡೆದ ಹಾಗೇ ಬರೆದರೆ ಒಂದು ವೇಳೆ ಮುಗಿಸಬಹುದು.

ನರ್ಸಮ್ಮನ ಗಾಡಿ ಮತ್ತೆ ಶೆಡ್ಡಿಗೆ ಬಂದಿದೆ. ನೀನು ಎಮ್ಮೆ ಎಂದು ಹೆಸರಿಟ್ಟದ್ದೇ. ಎಳೆದು ತಂದದ್ದು ಕಲ್ಲುಕೋರೆಯ ಟ್ರಾಕ್ಟರು. ಹೋದ ಶುಕ್ರವಾರ ಬೆಟ್ಟದ ಮೇಲಿನ ಹಳ್ಳಿಗಳಿಗೆ ಮಕ್ಕಳ ಲಸಿಕೆ ಒಯ್ಯುವಾಗ ಮೂರನೇ ತಿರುವಿನಲ್ಲಿ ನಿಂತುಹೋಯಿತಂತೆ. ಡ್ರೈವರ್ ಯಾರೆಂದು ಹೇಳಬೇಕಾಗಿಲ್ಲ, ನಮ್ಮ ರೇಡಿಯೋನೇ. ಅವನ ಸ್ವಿಚ್ಚು ಇನ್ನೂ ಆಫ್ ಆಗಿಲ್ಲ. ಬಂದವನೇ ಶುರು ಮಾಡಿದ: "ಅಕ್ಕಾ, ಎಮ್ಮೆ ಮಲಗಿಬಿಡ್ತು. ನೀರು ಕಂಡು ಮಲಗೋದು ಗೊತ್ತಿತ್ತು, ಈಗ ಒಣ ನೆಲದಲ್ಲೂ ಮಲಗೋದು ಕಲ್ತಿದೆ. ಒಳಗಿಂದ ಬುಸ್ ಅಂತ ಆವಿ, ಹಿಂದಿಂದ ಕಪ್ಪು ಹೊಗೆ, ಮಧ್ಯದಲ್ಲಿ ನಾನು." ಮಂಜುಗಡ್ಡೆ ಕರಗುವುದರೊಳಗೆ ಹಿಂದಿರುಗಬೇಕು ಎಂದು ನರ್ಸಮ್ಮ ಲಸಿಕೆಯ ಪೆಟ್ಟಿಗೆಯನ್ನು ತೋಳಿಗೆ ಹಾಕಿಕೊಂಡು ಐದು ಮೈಲಿ ನಡೆದೇ ಇಳಿದರಂತೆ. ರೇಡಿಯೋ ಪಕ್ಕದಲ್ಲಿ ಮಾತಾಡಿಕೊಂಡೇ ಇಳಿದನಂತೆ. "ನನ್ನ ಪೆಟ್ಟಿಗೇಲಿ ಬಾಯಿಗೆ ಹಾಕೋ ಸೂಜಿ ಒಂದಿದ್ದಿದ್ರೆ ಮೊದಲನೇ ತಿರುವಲ್ಲೇ ಇವನಿಗೆ ಹಾಕ್ತಿದ್ದೆ" ಎಂದರು ನರ್ಸಮ್ಮ. ನಾವು ಮೂವರೂ ನಕ್ಕೆವು. ಆದರೆ ಅರ್ಧ ಲಸಿಕೆ ಕೆಟ್ಟಿತ್ತು. ಮೇಲಿನ ಎರಡು ಹಳ್ಳಿಯ ಮಕ್ಕಳು ಇನ್ನೂ ಕಾಯುತ್ತಿದ್ದಾರೆ.

ಹೆಡ್ಡು ಬಿಚ್ಚಿದೆ. ಎರಡು ಮತ್ತು ಮೂರನೇ ಸಿಲಿಂಡರಿನ ನಡುವೆ ಗ್ಯಾಸ್ಕೆಟ್ ಸುಟ್ಟು ಸೀಳಿತ್ತು. ಎರಡನೇ ಪಿಸ್ಟನ್ನಿನ ತಲೆ ಸಿಡುಬು ಎದ್ದು ಹೋದ ಮುಖದ ಹಾಗೆ ತೂತು ತೂತು. ನೀನು ನೋಡಿದ್ದರೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತಿದ್ದೆ. ಡೀಸೆಲ್ ಬೇಗ ಬೀಳುತ್ತಿದೆ, ಪಿಸ್ಟನ್ ಮೇಲೆ ಬರುವ ಮೊದಲೇ ಹತ್ತಿಕೊಂಡು ಅದರ ತಲೆಗೆ ಬಡಿಯುತ್ತಿದೆ ಎಂದು. ನನಗೂ ಅದು ತೋಚಿತು. ಆದರೆ ಡೀಸೆಲ್ ಪಂಪು ಯಾವ ಕ್ಷಣಕ್ಕೆ ಉಗುಳಬೇಕು ಎಂಬ ಟೈಮಿಂಗನ್ನು ನಾನೇ ಗೇಜಿನಲ್ಲಿ ಅಳೆದು ಇಟ್ಟು ಕಳಿಸಿದ್ದೆ, ಕೂದಲಿನಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ಹಾಗಾಗಿ ರೇಡಿಯೇಟರನ್ನು ಬೈದೆ, ಇಂಜೆಕ್ಟರನ್ನು ಬೈದೆ, ನೀರು ನೋಡದೆ ಓಡಿಸಿದ ಎಂದು ರೇಡಿಯೋನನ್ನೂ ಬೈದೆ. ಪಾಪ, ಅವನು ಅವತ್ತು ಒಂದು ಗಂಟೆ ಮಾತಾಡಲಿಲ್ಲ.

ಗೇಜಿನ ವಿಷಯ ನಿನಗೆ ಗೊತ್ತಿಲ್ಲ. ಅದನ್ನೇ ಈಗ ಹೇಳಬೇಕು.

ನಮ್ಮವರು ತೀರಿಕೊಂಡ ಮೇಲೆ ನೀನು ನನ್ನನ್ನು ಮನೆಯಲ್ಲಿ ಕೂರಲು ಬಿಡಲಿಲ್ಲ. "ಕೈಗೆ ಕೆಲಸ ಕೊಡು, ತಲೆ ತಾನಾಗಿ ಸುಮ್ನಾಗುತ್ತೆ" ಎಂದು ಹದಿಮೂರರ ಸ್ಪಾನರ್ ಕೊಟ್ಟು ಪಂಪಿನ ಮುಂದೆ ನಿಲ್ಲಿಸಿದೆ. ಆ ಪಂಪಿನ ಮೂರು ನಟ್ಟಿಗೂ ಅದೇ ಸ್ಪಾನರ್. ಆಮೇಲೆ ನನ್ನ ಹೆಸರೇ ಹದಿಮೂರು ಎಂದಾಯಿತು. ನಿನ್ನದು ಕಿವಿ, ನನ್ನದು ಕೈ. ನೀನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ ಬ್ಲಾಕಿಗಿಟ್ಟು, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ನಾನು ನಟ್ಟು ಸಡಿಲಿಸಿ ಪಂಪನ್ನು ಎರಡು ಕೈಯಲ್ಲಿ ಹಿಡಿದು ನೀನು ಹೇಳಿದಷ್ಟು ತಿರುಗಿಸುತ್ತಿದ್ದೆ. ಒಂದು ಕೂದಲು ಹಿಂದೆ. ಅರ್ಧ ಕೂದಲು ಮುಂದೆ. ನಿಲ್ಲು. ಬಿಗಿ. ಬಿಳಿ ಹೊಗೆ ಸೋಮಾರಿ, ಕರಿ ಹೊಗೆ ಹೊಟ್ಟೆಬಾಕ, ನೀಲಿ ಹೊಗೆ ಮುದುಕ ಎಂದು ಹೊಗೆ ನೋಡುವುದನ್ನೂ ಕಲಿಸಿದೆ. ಪಂಪಿನ ಮೇಲೆ ಪೇಂಟಿನಲ್ಲಿ ಗುರುತು ಹಾಕೋಣ ಎಂದಾಗ ಮಾತ್ರ ಗದರಿಸಿದೆ. "ಗುರುತು ಹಾಕಿದ್ರೆ ಕಿವಿ ಸೋಮಾರಿ ಆಗುತ್ತೆ ಕಣೇ. ಇಂಜಿನ್ ದಿನಾ ಸವೆಯುತ್ತಾ ಇರುತ್ತೆ, ಗುರುತು ಸವೆಯುತ್ತಾ?"

ನಾನು ನಿನಗೆ ಹೇಳದ ಒಂದು ಸಂಗತಿ ಇತ್ತು. ನಮ್ಮವರ ಮಂಚದ ಪಕ್ಕ ಉಸಿರಿನ ಮಿಷನ್ನು ಏಳು ತಿಂಗಳು ಓಡಿತಲ್ಲ, ಹಗಲೂ ರಾತ್ರಿಯೂ ಡುಗು ಡುಗು ಎಂದು. ನಿಧಾನಕ್ಕೆ ಓಡುವ ಡೀಸೆಲ್ ಇಂಜಿನ್ನಿನ ಸದ್ದೂ ಅದೇ. ನೀನು ಕಣ್ಣು ಮುಚ್ಚಿ ಅದನ್ನು ಆಲಿಸುವಾಗ ನಾನು ಹಲ್ಲು ಕಚ್ಚಿಕೊಂಡು ನಿಂತಿರುತ್ತಿದ್ದೆ. ಯಾವಾಗ ನಿಂತುಬಿಡುತ್ತದೋ ಎಂದು ಒಂದು ಭಯ, ನಿಲ್ಲಬಾರದೇ ಎಂದು ಇನ್ನೊಂದು. ನಿನಗೆ ಹೇಳಿದ್ದರೆ ನೀನು ಕೆಲಸವನ್ನೇ ನಿಲ್ಲಿಸಿಬಿಡುತ್ತಿದ್ದೆ ಎಂದು ಹೇಳಲಿಲ್ಲ. ಅದೇ ಹೊತ್ತಿಗೆ ಬಿಡಿಭಾಗ ಮಾರುವವನು ಒಂದು ಸೂಜಿ ಗೇಜು ತಂದು ತೋರಿಸಿದ. ಪಂಪಿನ ಹಿಂದೆ ಸಿಕ್ಕಿಸಿ, ಇಂಜಿನ್ನಿನ ಹಿಂದಿನ ದೊಡ್ಡ ಚಕ್ರದ, ಅಂದರೆ ಫ್ಲೈವೀಲಿನ, ಗೀಟನ್ನು ಕವಚದ ಪುಟ್ಟ ಕಿಟಕಿಯ ಮೊಳೆಗೆ ಸೇರಿಸಿ, ಸೂಜಿ ನೂರಕ್ಕೆ ಬರುವ ಹಾಗೆ ಪಂಪು ತಿರುಗಿಸಿದರೆ ಮುಗಿಯಿತು. ಇಂಜಿನ್ ಆಫ್ ಮಾಡಿಯೇ ಮಾಡುವ ಕೆಲಸ. ಸದ್ದಿಲ್ಲ. ಅಣ್ಣಾ, ಆ ಸದ್ದಿಲ್ಲದ ಕೆಲಸ ನನಗೆ ಎಷ್ಟು ಹಿತವಾಯಿತೆಂದು ಹೇಗೆ ಬರೆಯಲಿ. ಕೊಂಡು ಸೀರೆಯ ಟ್ರಂಕಿನಲ್ಲಿ ಇಟ್ಟೆ. ನೀನು ನೋಡಿದರೆ ನಿನ್ನ ಕಿವಿಯ ಮೇಲೆ ನನಗೆ ನಂಬಿಕೆಯಿಲ್ಲ ಎಂದುಕೊಳ್ಳುತ್ತೀಯ ಎಂಬ ಅಳುಕು.

ನೀನು ಐದಕ್ಕೆ ಮನೆಗೆ ಹೊರಡುತ್ತಿದ್ದೆ. ಬಾಗಿಲು ಹಾಕಿ ಬರುತ್ತೇನೆ ಎಂದು ನಾನು ಉಳಿಯುತ್ತಿದ್ದೆ. ನನ್ನ ಮನೆಗೆ ಬೇಗ ಹೋಗಿ ಮಾಡುವುದೇನೂ ಇರಲಿಲ್ಲ. ಆ ಒಂದು ಗಂಟೆಯಲ್ಲಿ ಗೇಜು ತೆಗೆದು, ನಾವು ಹಗಲಲ್ಲಿ ಮಾಡಿದ್ದನ್ನು ಅಳೆದು ನೋಡುತ್ತಿದ್ದೆ. ಬೇರೆ ಗಾಡಿಗಳಲ್ಲೆಲ್ಲ ನೀನು ಇಟ್ಟದ್ದೂ ಸೂಜಿ ಹೇಳುವುದೂ ಒಂದೇ ಆಗಿರುತ್ತಿತ್ತು. ಮುಚ್ಚಿಟ್ಟು ಮನೆಗೆ ಹೋಗುತ್ತಿದ್ದೆ. ನನಗೆ ಅದೊಂದು ಆಟದ ಹಾಗೆ ಆಗಿತ್ತು. ಎಮ್ಮೆಯಲ್ಲಿ ಮಾತ್ರ ಹಾಗಾಗಲಿಲ್ಲ.

ಆ ವಾರ ನಿನಗೆ ನೆನಪಿದೆ. ಎಮ್ಮೆಯ ಹಿಂದಿನ ಸ್ಪ್ರಿಂಗ್ ಪಟ್ಟಿ ಬರಬೇಕೆಂದು ಗಾಡಿ ನಾಲ್ಕು ದಿನ ಇಲ್ಲೇ ಇತ್ತು. ಸೋಮವಾರ ನಾವು ಪಂಪು ಕೂರಿಸಿ, ನಿನ್ನ ಕಿವಿಗೆ ಒಪ್ಪುವ ಹಾಗೆ ಇಟ್ಟೆವು. ಸಂಜೆ ಅಳೆದೆ. ನೂರು ಇರಬೇಕಾದಲ್ಲಿ ಎಂಬತ್ತಾರು. ನನಗೆ ಒಂದು ಥರ ಆಯಿತು. ಅಣ್ಣನಿಗೆ ವಯಸ್ಸಾಯಿತು ಎಂದುಕೊಂಡೆ. ಹೇಳಿ ಮನಸ್ಸು ನೋಯಿಸುವುದಕ್ಕಿಂತ ಸುಮ್ಮನೆ ಸರಿಮಾಡುವುದು ಮೇಲು ಅನಿಸಿತು. ನಟ್ಟು ಸಡಿಲಿಸಿ, ನೂರಕ್ಕೆ ತಂದು, ಬಿಗಿದು, ಮೇಲೆ ಮೊದಲಿದ್ದ ಧೂಳನ್ನೇ ಸವರಿ ಮನೆಗೆ ಹೋದೆ. ಅವತ್ತು ನನಗೆ ನೆಮ್ಮದಿಯ ನಿದ್ದೆ ಬಂತು. ಒಬ್ಬರ ಮರ್ಯಾದೆ ಕಾಪಾಡಿದೆ ಎಂದುಕೊಂಡಿದ್ದೆ.

ಮಂಗಳವಾರ ಬೆಳಿಗ್ಗೆ ನೀನು ಸ್ಟಾರ್ಟ್ ಮಾಡಿ ಸ್ಕ್ರೂಡ್ರೈವರ್ ಕಿವಿಗಿಟ್ಟೆ. ಬಹಳ ಹೊತ್ತು ನಿಂತೆ. "ಲೇ ಹದಿಮೂರು, ನಿನ್ನೆ ಬಿಟ್ಟಾಗಲೂ ಹೀಗೇ ಬಡೀತಿತ್ತಾ?" ಎಂದು ಕೇಳಿದೆ. ನಾನು "ಹೌದಣ್ಣ, ಹೀಗೇ ಇತ್ತು" ಎಂದೆ. ನೀನು ಒಂದು ಕೂದಲು ಹಿಂದಕ್ಕೆ ತಿರುಗಿಸಲು ಹೇಳಿದೆ, ಆಮೇಲೆ ಇನ್ನೊಂದು ಕೂದಲು, ಆಮೇಲೆ ನಿಲ್ಲು ಎಂದೆ. ಸಂಜೆ ಅಳೆದರೆ ಎಂಬತ್ತೇಳು. ಮತ್ತೆ ನೂರಕ್ಕೆ ತಂದೆ. ಬುಧವಾರ ಬೆಳಿಗ್ಗೆ ನೀನು ಆಲಿಸಿ, ನನ್ನ ಮುಖ ನೋಡಿ, "ಕತ್ತಲಾದ್ಮೇಲೆ ದೆವ್ವ ಬಂದು ತಿರುಗಿಸಿ ಹೋಗುತ್ತಾ ಹೇಗೆ?" ಎಂದು ನಕ್ಕೆ. ನಾನೂ ನಕ್ಕೆ. ಅಣ್ಣಾ, ನಾನೂ ನಕ್ಕೆ. ಅವತ್ತೂ ಹಿಂದಕ್ಕೆ ತಿರುಗಿಸಿದೆವು. ಸಂಜೆ ಮತ್ತೆ ಎಂಬತ್ತಾರು, ಮತ್ತೆ ನೂರು. ಗುರುವಾರ ಬೆಳಿಗ್ಗೆ ನೀನು ಅರ್ಧ ನಿಮಿಷವೂ ಆಲಿಸಲಿಲ್ಲ. ಇಂಜಿನ್ ಆಫ್ ಮಾಡಿ, ಸ್ಕ್ರೂಡ್ರೈವರನ್ನು ಬಟ್ಟೆಯಲ್ಲಿ ಒರೆಸಿ ಮೇಜಿನ ಮೇಲಿಟ್ಟು ಹೇಳಿದ್ದು ನನಗೆ ಅಕ್ಷರ ಅಕ್ಷರ ನೆನಪಿದೆ. "ಸಾಕು ಕಣೇ. ಸಂಜೆ ಒಂದು ಥರ ಕೇಳುತ್ತೆ, ಬೆಳಿಗ್ಗೆ ಒಂದು ಥರ. ಇಂಜಿನ್ ಅದೇ, ಪಂಪು ಅದೇ, ಕೈ ನಿಂದು ಅದೇ. ಹೋಗಿರೋದು ನನ್ನ ಕಿವಿ." ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ನಾನು ಹೇಳಿದ್ದೇನು? "ವಯಸ್ಸಾಯ್ತಲ್ಲಣ್ಣ, ಎಲ್ಲರಿಗೂ ಆಗೋದೇ." ಟೀ ಮಾಡಿ ಕೊಟ್ಟೆ. ನೀನು ಕುಡಿದೆ. ತಿಂಗಳು ತುಂಬುವುದರೊಳಗೆ ಮಗಳ ಮನೆಗೆ ಹೊರಟುಹೋದೆ.

ಕಿವಿ ಡಾಕ್ಟರು ಪೆಟ್ಟಿಗೆಯಂಥ ರೂಮಿನಲ್ಲಿ ಕೂರಿಸಿ ಶಿಳ್ಳೆ ಕೇಳಿಸಿ, ವಯಸ್ಸಿಗೆ ತಕ್ಕ ಹಾಗಿದೆ, ಏನೂ ಬೇಡ ಎಂದರಂತೆ. ನೀನು ನಂಬಲಿಲ್ಲ. "ಡಾಕ್ಟರಿಗೇನು ಗೊತ್ತು, ನನಗೆ ಇಂಜಿನ್ನೇ ಹೇಳಿದೆ" ಎಂದೆಯಂತೆ. ಆಮೇಲಿನದೆಲ್ಲ ಅತ್ತಿಗೆ ಫೋನಿನಲ್ಲಿ ಹೇಳಿ ನಾನು ತಿಳಿದದ್ದು. ರಸ್ತೆಯಲ್ಲಿ ಹಾರ್ನ್ ಕೇಳಿಸದಿದ್ದರೆ ಎಂದು ಬೆಳಗಿನ ನಡಿಗೆ ಬಿಟ್ಟೆಯಂತೆ. ಜನ ಬಂದರೆ ಒಳಗಿನ ಕೋಣೆಗೆ ಹೋಗುತ್ತೀಯಂತೆ. "ನಿಮ್ಮಣ್ಣ ಮನೇಲಿ ಒಂದು ಗೋಡೆ ಆಗ್ಬಿಟ್ಟಿದಾರೆ ಕಣಮ್ಮ. ಕರೆದ್ರೆ ಕೇಳಿಸಲ್ಲ ಅಂತಾರೆ, ನಾನು ಅಡುಗೆಮನೇಲಿ ಮೆಲ್ಲಗೆ ಬೈದ್ರೆ ಮಾತ್ರ ಮೂರನೇ ಕೋಣೆಯಿಂದ ಉತ್ತರ ಬರುತ್ತೆ" ಎಂದು ಅತ್ತಿಗೆ ನಗುತ್ತಲೇ ಹೇಳಿದರು. ಫೋನ್ ಇಟ್ಟ ಮೇಲೆ ಅವರು ಅತ್ತಿರಬೇಕು. ನನಗೂ ಅವತ್ತೇ ಏನೋ ಚುಚ್ಚಬೇಕಿತ್ತು. ಕೇಳಿಸದವನಿಗೆ ಬೈಗುಳ ಹೇಗೆ ಕೇಳಿಸಿತು ಎಂದು ನಾನು ಯೋಚಿಸಲಿಲ್ಲ. ಸೂಜಿ ನೂರು ತೋರಿಸಿತ್ತು. ಅದರ ಮುಂದೆ ನಾನು ಬೇರೆ ಏನನ್ನೂ ಯೋಚಿಸಲಿಲ್ಲ.

ಇವತ್ತು ಮಧ್ಯಾಹ್ನದ ವಿಷಯಕ್ಕೆ ಬರುತ್ತೇನೆ. ಹೊಸ ಗ್ಯಾಸ್ಕೆಟ್ ಎಷ್ಟು ದಪ್ಪದ್ದು ಬೇಕು ಎಂದು ತಿಳಿಯಲು, ಪಿಸ್ಟನ್ನು ಪೂರ್ತಿ ಮೇಲೆ ಬಂದಾಗ ಬ್ಲಾಕಿನ ಮಟ್ಟಕ್ಕಿಂತ ಎಷ್ಟು ಎದ್ದಿರುತ್ತದೆ ಎಂದು ಅಳೆಯಬೇಕಲ್ಲ. ಅದೇ ಗೇಜನ್ನು ಈ ಸಲ ಒಂದನೇ ಪಿಸ್ಟನ್ನಿನ ತಲೆಯ ಮೇಲೆ ನಿಲ್ಲಿಸಿದೆ. ದೊಡ್ಡ ಸ್ಪಾನರಿನಲ್ಲಿ ಇಂಜಿನ್ ತಿರುಗಿಸಿ ಫ್ಲೈವೀಲಿನ ಗೀಟನ್ನು ಮೊಳೆಗೆ ಸರಿಯಾಗಿ ಸೇರಿಸಿದೆ. ಅಂದರೆ ಪಿಸ್ಟನ್ ತುತ್ತತುದಿಗೆ ಬಂದಿದೆ ಎಂದು ಅರ್ಥ. ಸೂಜಿ ತೋರಿಸಿದ್ದನ್ನು ಬರೆದುಕೊಂಡೆ. ಸ್ಪಾನರ್ ತೆಗೆಯುವಾಗ ಕೈ ತಾಗಿ ಇಂಜಿನ್ ಒಂದಿಷ್ಟು ಮುಂದೆ ಸರಿಯಿತು. ಸೂಜಿ ಇಳಿಯಬೇಕಿತ್ತು. ಏರಿತು. ಕಣ್ಣು ಒರೆಸಿಕೊಂಡು ಇನ್ನಷ್ಟು ತಿರುಗಿಸಿದೆ. ಇನ್ನೂ ಏರಿತು. ಇಪ್ಪತ್ತೈದು ಗೆರೆ ಏರಿ ಆಮೇಲೆ ನಿಂತಿತು. ಕಿಟಕಿಯಲ್ಲಿ ಬಗ್ಗಿ ನೋಡಿದರೆ ಗೀಟು ಮೊಳೆಯನ್ನು ದಾಟಿ ಕಿರುಬೆರಳಿನ ಅಗಲ ಮುಂದೆ ಹೋಗಿತ್ತು. ನಾಲ್ಕು ಸಲ ಮಾಡಿದೆ. ಲೇತಿನ ಮಾಮನನ್ನು ಕರೆದು ಅವರ ಕೈಯಲ್ಲೂ ಮಾಡಿಸಿದೆ. ಅವರು ಟಾರ್ಚ್ ಹಾಕಿ ಫ್ಲೈವೀಲಿನ ಅಂಚಿನ ನಂಬರ್ ಓದಿ, "ಇದು ಈ ಇಂಜಿನ್ನಿನ ಚಕ್ರ ಅಲ್ಲಮ್ಮ. ಅದರ ಅಣ್ಣತಮ್ಮನಂಥ ಇನ್ನೊಂದು ಮಾಡೆಲ್ಲಿಂದು. ಗೀಟು ಐದು ಡಿಗ್ರಿ ಆಚೀಚೆ ಇರುತ್ತೆ" ಎಂದರು.

ಆಗ ನೆನಪಾಯಿತು. ಆ ನಾಲ್ಕು ದಿನಗಳ ಹಿಂದಿನ ವರ್ಷ ಎಮ್ಮೆಯ ಕ್ಲಚ್ ಮಾಡುವಾಗ ಹಳೆ ಫ್ಲೈವೀಲಿನಲ್ಲಿ ಬಿರುಕು ಕಂಡು, ಗುಜರಿಯಿಂದ ಇನ್ನೊಂದು ಆರಿಸಿ ತಂದದ್ದು ನಾವಿಬ್ಬರೇ. ಹಲ್ಲು ಕೂಡಿತು, ಬೋಲ್ಟಿನ ತೂತು ಕೂಡಿತು, ಹಾಕಿದೆವು. ಗೀಟನ್ನು ಯಾರೂ ನೋಡಲಿಲ್ಲ. ನಿನಗೆ ಅದು ಬೇಕಾಗಿಯೇ ಇರಲಿಲ್ಲ. ನಾನು ಅದನ್ನು ನಂಬಿ ಎಲ್ಲ ಅಳೆದೆ. ಗೇಜು ಸುಳ್ಳು ಹೇಳಿರಲಿಲ್ಲ, ನಾನು ಅದನ್ನು ಐದು ಡಿಗ್ರಿ ಬೇಗ ಕೇಳಿದ್ದೆ, ಅಷ್ಟೇ.

ನನ್ನ ದಿನಚರಿ ಪುಸ್ತಕ ತೆಗೆದು ನೋಡಿದೆ. ನಮ್ಮವರು ಹೋದ ದಿನದಿಂದ ಪ್ರತಿ ದಿನ ಎರಡು ಸಾಲು ಬರೆಯುತ್ತೇನಲ್ಲ. ಆ ವಾರದ ಪುಟದಲ್ಲಿ ಮೂರು ಸಂಜೆಯೂ ಬರೆದಿದ್ದೇನೆ. ಅಣ್ಣನದು ಎಂಬತ್ತಾರು. ಅಣ್ಣನದು ಎಂಬತ್ತೇಳು. ಅಣ್ಣನದು ಎಂಬತ್ತಾರು, ಇವತ್ತೂ ಅಷ್ಟೇ ತಪ್ಪು. ಕಿವಿ ಹೋದವನು ಮೂರು ದಿನ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಾನೆಯೇ? ಕೈಯಾರೆ ಬರೆದವಳಿಗೆ ಅದು ಎಂಟು ತಿಂಗಳು ಕಾಣಲಿಲ್ಲ. ಕೂಡಲೇ ಪಂಪನ್ನು ಸುಳ್ಳು ಗೀಟಿಗೆ ಎಂಬತ್ತಾರಕ್ಕೆ ಇಟ್ಟು, ಇಂಜಿನ್ನನ್ನು ನಿಜವಾದ ತುದಿಗೆ ತಿರುಗಿಸಿ ಸೂಜಿ ನೋಡಿದೆ. ತೊಂಬತ್ತೊಂಬತ್ತು. ಆ ಒಂದು ಗೆರೆ ನನ್ನ ಕೈಯದೋ ನಿನ್ನ ಕಿವಿಯದೋ ದೇವರೇ ಬಲ್ಲ. ಆಮೇಲೆಯೇ ನಾನು ಸ್ಟೂಲಿನ ಮೇಲೆ ಕೂತದ್ದು.

ನಿನ್ನ ಕಿವಿ ಹುಡುಗನ ಕಿವಿ ಎಂದು ನಾನು ಹೇಳುತ್ತಿಲ್ಲ. ಗಡಿಯಾರದ ಟಿಕ್ ಟಿಕ್ ನಿನಗೆ ಕೇಳಿಸದೆ ಇರಬಹುದು, ಟಿವಿಯಲ್ಲಿ ಹೆಂಗಸರು ವೇಗವಾಗಿ ಮಾತಾಡಿದರೆ ತಿಳಿಯದೆ ಇರಬಹುದು. ಅದು ಬೇರೆ. ಆದರೆ ಆ ನಾಲ್ಕು ದಿನ ಬೆಳಿಗ್ಗೆ ಬೇರೆ, ಸಂಜೆ ಬೇರೆ ಎಂದು ನಿನಗೆ ಕೇಳಿಸಿದ್ದು ನಿಜವಾಗಿಯೂ ಬೇರೆಯೇ ಆಗಿತ್ತು. ನೀನು ಹೇಳಿದ ದೆವ್ವ ನಾನೇ. ನಾನು ಸುಳ್ಳು ಹೇಳಿದ್ದರಿಂದ ನೀನು ನಿನ್ನ ಕಿವಿಯನ್ನು ಬಿಟ್ಟೆ, ಶೆಡ್ಡು ಬಿಟ್ಟೆ, ನಡಿಗೆ ಬಿಟ್ಟೆ, ಮಗುವಿಗೆ ಕಥೆ ಹೇಳುವುದನ್ನೂ ಬಿಟ್ಟೆ. ಗ್ಯಾಸ್ಕೆಟ್ ಹೊಸದು ಬರುತ್ತದೆ, ಪಿಸ್ಟನ್ ಬರುತ್ತದೆ. ನಿನ್ನ ಎಂಟು ತಿಂಗಳನ್ನು ಯಾವ ಅಂಗಡಿಯಿಂದ ತರಲಿ. ಕ್ಷಮಿಸು ಎಂದು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆಯುತ್ತಿದ್ದೇನೆ. ಕ್ಷಮಿಸು. ಸಿಟ್ಟು ಬಂದರೆ ಬೈದುಬಿಡು. ಶೆಡ್ಡಿಗೆ ಇನ್ನು ಬರಬೇಡ ಎನ್ನುವುದಾದರೆ ಬೀಗದ ಕೈ ಲೇತಿನ ಮಾಮನ ಹತ್ತಿರ ಕೊಟ್ಟುಬಿಡುತ್ತೇನೆ. ನನಗೆ ಹೋಗಲು ಬೇರೆ ಜಾಗ ಇಲ್ಲ ಎಂಬುದನ್ನು ನೀನು ಲೆಕ್ಕಕ್ಕೆ ಹಿಡಿಯಬೇಡ.

ಕೆಲಸದ ಮಾತು ಹೇಳಿ ಮುಗಿಸುತ್ತೇನೆ. ಇಂಜೆಕ್ಟರ್ ಮೂರು ಮಂಜಿನ ಹಾಗೆ ಉಗುಳುತ್ತಿವೆ. ಎರಡನೆಯದು ತೊಟ್ಟಿಕ್ಕುತ್ತಿತ್ತು, ಮೂತಿ ಬದಲಿಸಿದೆ. ತಾಮ್ರದ ವಾಷರುಗಳನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ ಮೆತ್ತಗೆ ಮಾಡಿಟ್ಟಿದ್ದೇನೆ. ಫ್ಲೈವೀಲಿನ ಸುಳ್ಳು ಗೀಟನ್ನು ಉಳಿಯಿಂದ ಅಳಿಸಿ, ನಿಜವಾದ ಜಾಗದಲ್ಲಿ ಹೊಸದೊಂದು ಹೊಡೆದಿದ್ದೇನೆ. ಗುರುತು ಬೇಡ ಎಂದು ನೀನು ಬೈಯುತ್ತೀಯ, ಗೊತ್ತು. ನಾಡಿದ್ದು ಪಂಪು ಇಡಬೇಕು, ಸೋಮವಾರ ನರ್ಸಮ್ಮ ಬೆಟ್ಟ ಹತ್ತಬೇಕು. ಬಾ ಎಂದು ಬರೆಯಲು ಕೈ ಬರುತ್ತಿಲ್ಲ. ಬಂದರೆ ಸ್ಟೂಲ್ ಇದೆ.

ಅತ್ತಿಗೆಗೆ ನನ್ನ ನಮಸ್ಕಾರ. ಅವರಿಗೆ ಇದನ್ನು ಓದಿ ಹೇಳುವುದೋ ಬಿಡುವುದೋ ನಿನ್ನ ಇಷ್ಟ. ಮಗಳಿಗೂ ಅಳಿಯನಿಗೂ ಕೇಳಿದೆನೆಂದು ಹೇಳು. ಮೊಮ್ಮಗಳ ತಲೆ ಸವರಿ ಅತ್ತೆಯಜ್ಜಿ ಮುತ್ತು ಕಳಿಸಿದ್ದಾಳೆ ಎನ್ನು. ನಿನ್ನ ಕಾಲಿಗೆ ಬಿದ್ದು ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ತಂಗಿ

ಲಕೋಟೆಗೆ ಹಾಕಿ ಮತ್ತೆ ತೆಗೆದೆ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಅರ್ಧ ಸುಳ್ಳು. ಆ ಮಂಗಳವಾರ ಬೆಳಿಗ್ಗೆ ನೀನು ಸ್ಟಾರ್ಟ್ ಮಾಡಿದಾಗ ಅದು ಬಡಿಯುತ್ತಿದ್ದದ್ದು ನನಗೂ ಕೇಳಿಸಿತ್ತು ಅಣ್ಣಾ. ಸ್ಕ್ರೂಡ್ರೈವರ್ ಕೂಡ ಬೇಕಾಗಲಿಲ್ಲ, ನಿಂತ ಜಾಗದಲ್ಲೇ ಕೇಳಿಸಿತ್ತು. ಗೇಜು ನಂಬಿ ಮೋಸಹೋದೆ ಎಂದು ಮೇಲೆ ಬರೆದಿದ್ದೇನೆ, ಅದಷ್ಟೇ ಅಲ್ಲ. ನಿನ್ನೆ ಇರಲಿಲ್ಲ, ಇವತ್ತು ಬಡಿಯುತ್ತಿದೆ ಎಂದು ನಿನಗೆ ಹೇಳಿದ್ದರೆ, ಪಂಪು ಮುಟ್ಟಿದ್ದು ಯಾರು, ಸಂಜೆ ಹೊತ್ತು ಇಲ್ಲಿ ಒಬ್ಬಳೇ ಕೂತು ಏನು ಮಾಡುತ್ತೀಯ, ಮನೆಗೆ ಯಾಕೆ ಹೋಗುವುದಿಲ್ಲ ಎಂದು ನೀನು ಕೇಳುತ್ತಿದ್ದೆ. ಅದಕ್ಕೆ ಉತ್ತರ ಹೇಳಲಾಗದೆ ನಿನ್ನ ಕಿವಿಯನ್ನು ಕೊಟ್ಟುಬಿಟ್ಟೆ. ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ, ಹಾಕಿದರೆ ನಡುವೆ ಮನಸ್ಸು ಬದಲಿಸಿ ವಾಪಸ್ ಕೇಳಲು ಹೋಗುತ್ತೇನೆ. ಲಸಿಕೆ ತರಲು ರೇಡಿಯೋ ನಿಮ್ಮ ಊರಿಗೇ ಬರುತ್ತಿದ್ದಾನೆ, ಅವನ ಕೈಯಲ್ಲಿ ಕೊಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಏಳು ಗಂಟೆಯ ಬಸ್ಸಿಗೆ ಅವನು ಹೊರಡುತ್ತಾನೆ.